ವಿಜ್ಞಾನವೂ ವಿದ್ಯಾರ್ಥಿನಿಯರೂ

ಬೆಂಗಳೂರಿನ ಪೂರ್ವಭಾಗದ ಗರುಡಾಚಾರ್‌ಪಾಳ್ಯದ ಮಾರ್ಗವಾಗಿ ಪ್ರತಿದಿನವೂ ವೈಟ್‌ಫೀಲ್ಡಿನ ಕಾರ್ಯಾಲಯಗಳಿಗೆ ತೆರಳುವ ತಾಂತ್ರಿಕ ಪದವೀಧರರಲ್ಲಿ ತರುಣಿಯರೂ ಬಹುಮಂದಿ ಇರುವುದನ್ನು ನಮ್ಮ ವಾಚಕರು ಕಂಡಿರುವರು. ಇದೇ ನಗರದಲ್ಲಿ, ವಿಜ್ಞಾನ ವ್ಯಾಸಂಗವನ್ನು ಬಯಸಿದ ವಿದ್ಯಾರ್ಥಿನಿಯೊಬ್ಬರನ್ನು ಸ್ತ್ರೀಯೆಂಬ ಕಾರಣದಿಂದಲೇ ನಿರಾಕರಿಸಿದ ಕಾಲವೂ ಇದ್ದಿತು. ಆಕೆಯೇ ಮುಂದೆ ಶ್ರೀಮತಿ ಕಮಲಾ ಸೋಹೋನಿ ಎಂದು ಪ್ರಖ್ಯಾತರಾದವರು.

ಕಮಲಾ ಭಾಗವತರ ತಂದೆ ನಾರಾಯಣರಾಯರೂ ಪಿತೃವ್ಯ ಮಾಧವರಾಯರೂ ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರದಲ್ಲಿ ವ್ಯಾಸಂಗಮಾಡಿದ ರಸಾಯನಶಾಸ್ತ್ರಜ್ಞರು. ಮುಂಬಯಿ ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆದು 1933ರಲ್ಲಿ ಆಕೆಯೂ ಅದೇ ಮಂದಿರಕ್ಕೆ ಅರ್ಜಿ ಸಲ್ಲಿಸಿದರು. ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ನರು ಅದನ್ನು ತಿರಸ್ಕರಿಸಿದರು. ಕಮಲಾರವರು ಹಿಮ್ಮೆಟ್ಟಲಿಲ್ಲ, ಗಾಂಧೀಜಿಯವರ ಸತ್ಯಾಗ್ರಹ ಮಾರ್ಗವನ್ನು ಅವಲಂಬಿಸಿ, ನಿರಾಕರಣೆಗೆ ಕಾರಣವೇನೆಂದು ಕೇಳಿದರು. ಕಡೆಗೆ ಪ್ರವೇಶವೇನೋ ದೊರೆಯಿತು. ಆದರೆ ಒಂದು ವರ್ಷ ಪರೀಕ್ಷಾರ್ಥವಾಗಿ ಇರತಕ್ಕುದು, ನಿರ್ದೇಶಕರಿಗೆ ತೃಪ್ತಿಯಾದ ಹೊರತು ಕೆಲಸಕ್ಕೆ ಮಾನ್ಯತೆಯಿಲ್ಲ, ಪುರುಷ ಸಹೋದ್ಯೋಗಿಗಳ ಚಿತ್ತಕ್ಕೆ ವಿಕ್ಷೇಪವಾಗಕೂಡದು ಎಂಬ ನಿಬಂಧನೆಗಳನ್ನು ವಿಧಿಸಲಾಯಿತು. ಈ ಅವಮಾನವನ್ನು ಆಕೆ ಜೀವಮಾನಪರ್ಯಂತ ಮರೆಯಲಿಲ್ಲ.

ಇಂತಹ ಸ್ಥಿತಿಯಲ್ಲಿ ಆಕೆಗೆ ಲಭಿಸಿದ ಭಾಗ್ಯವೆಂದರೆ ಜೀವರಸಾಯನ ವಿಭಾಗದ ಶ್ರೀ ಎಂ. ಶ್ರೀನಿವಾಸಯ್ಯನವರ ಗುರುತ್ವ. ಅವರು ಶಿಸ್ತಿನಲ್ಲಿ ಕಠಿಣರು. ಅರ್ಹ ಶಿಷ್ಯರಿಗೆ ವಿದ್ಯೆಯನ್ನು ಧಾರೆಯೆರೆಯುವುದರಲ್ಲಿ ಉದಾರಿಗಳು. ಹಾಲು, ಬೇಳೆಕಾಳುಗಳಲ್ಲಿರುವ ಸಸಾರಜನಕಗಳನ್ನು ಕುರಿತು ಆಕೆ ಅವರ ಕೈಕೆಳಗೆ ಸಂಶೋಧನೆ ನಡೆಸಿದರು. ವರ್ಷಾಂತ್ಯದಲ್ಲಿ ರಾಮನ್ನರಿಗೆ ತೃಪ್ತಿಯಾಯಿತು, 1936ರಲ್ಲಿ ಎಂ. ಎಸ್‌ಸಿ. ಪದವಿಯೂ ದೊರೆಯಿತು. ತರುವಾಯ ಆ ಮಂದಿರದ ದ್ವಾರವು ಇತರ ವಿದ್ಯಾರ್ಥಿನಿಯರಿಗೂ ತೆರೆಯಿತು.

ಅನಂತರ ಕೇಂಬ್ರಿಜ್‌ನಲ್ಲಿ ಡೆರೆಕ್ ರಿಕ್ಟರ್, ರಾಬಿನ್ ಹಿಲ್ ಎಂಬ ವಿದ್ವಾಂಸರ ಮಾರ್ಗದರ್ಶನದಲ್ಲಿ ದುಡಿದು, ಜೀವಕೋಶಗಳ ಉಸಿರಾಟಕ್ಕೆ ಅವಶ್ಯಕವಾದ ಸೈಟೋಕ್ರೋಮ್ ಸಿ ಎಂಬ ದ್ರವ್ಯವು ಸಸ್ಯಗಳಲ್ಲಿಯೂ ಇರುವುದನ್ನು ತೋರಿಸಿ, 1939ರಲ್ಲಿ ಪಿಎಚ್. ಡಿ. ಪದವಿಯನ್ನು ಗಳಿಸಿದರು. ಅದೇ ವರ್ಷ ಸ್ವದೇಶಕ್ಕೆ ಮರಳಿ ದೆಹಲಿ, ಕೂನೂರು, ಮುಂಬಯಿಗಳಲ್ಲಿ ಸೇವೆ ಸಲ್ಲಿಸಿದರು. ಬಡವರ ಪೌಷ್ಟಿಕ ಆಹಾರವಾಗಿ ನೀರೆಯ ಗುಣಗಳನ್ನು ಪರಿಶೋಧಿಸಿ ರಾಷ್ಟ್ರಪತಿಗಳ ಪುರಸ್ಕಾರವನ್ನು ಪಡೆದರು. ಮುಂಬಯಿಯ ವಿಜ್ಞಾನ ಸಂಸ್ಥೆಯ ನಿರ್ದೇಶಕ ಪದವಿಯನ್ನು, ವಿಳಂಬವಾಗಿಯಾದರೂ, ಅಲಂಕರಿಸಿದರು. 1998ರಲ್ಲಿ ದಿವಂಗತರಾದರು.

ಈ ಚರಿತ್ರೆಯಿಂದ ನಮ್ಮ ವಿಶ್ವವಿದ್ಯಾನಿಲಯಗಳ ಅಧಿಕಾರಿಗಳು ಗ್ರಹಿಸಬೇಕಾದ ನೀತಿಯೊಂದುಂಟು. ಪ್ರವೇಶವನ್ನು ಕೊಟ್ಟ ಮಾತ್ರಕ್ಕೆ ಕರ್ತವ್ಯವು ಮುಗಿಯಲಿಲ್ಲ. ವಿಜ್ಞಾನವನ್ನೂ ತಂತ್ರವಿದ್ಯೆಯನ್ನೂ ಕಲಿಯುವ ಪ್ರತಿಯೊಬ್ಬ ವಿದ್ಯಾರ್ಥಿನಿಗೂ ಪ್ರಯೋಗಶಾಲೆಯ ಕ್ರಮವನ್ನು ತಿಳಿಸಿ, ಎಡವಿದಾಗ ತಿದ್ದಿ, ಮುಂದಿನ ದಾರಿಯನ್ನು ತೋರಿಸುವ ಅನುಭವಿಗಳೊಬ್ಬರನ್ನು ನಿಯಮಿಸುವುದು ಅವಶ್ಯಕ. ಕಮಲಾರವರಿಗೆ ಶ್ರೀನಿವಾಸಯ್ಯನವರು ದೊರೆತುದು ಅದೃಷ್ಟದಿಂದ. ಇಂದಿನ ವಿದ್ಯಾರ್ಥಿನಿಗೆ ಅಂತಹ ಗುರುಬಲವು ಸಂಸ್ಥೆಯ ವ್ಯವಸ್ಥೆಯಿಂದಲೇ ದೊರೆಯತಕ್ಕುದು.