ಇಂದಿನ ಚಿಂತನೆ: ಪ್ರಶ್ನೆ ಕೇಳುತ್ತಿದ್ದ ಗ್ರೀಕ್ ದೊರೆ ಮಿಲಿಂದ



ಗ್ರೀಕ್ ಜ್ಞಾನಿಗಳು ಅಂದರೆ ನಮಗೆ ಸಾಕ್ರೆಟಿಸ್, ಪ್ಲೇಟೊ ನೆನಪಾಗುತ್ತಾರೆ. ಆದರೆ ಭಿಕ್ಷುವಿನ ಮುಂದೆ ಕೂತು ಧಮ್ಮದ ಬಗ್ಗೆ ಒಂದೊಂದಾಗಿ ಪ್ರಶ್ನೆ ಕೇಳಿದ ಗ್ರೀಕನೊಬ್ಬ ಇದ್ದ. ಗ್ರೀಕಿನಲ್ಲಿ ಅವನು ಮೆನಾಂಡರ್, ಪಾಳಿಯಲ್ಲಿ ಮಿಲಿಂದ.

ಕಾಲ ಕ್ರಿ.ಪೂ. 2ನೇ ಶತಮಾನ. ಅಲೆಕ್ಸಾಂಡರನ ದಂಡಯಾತ್ರೆಯ ನಂತರ ವಾಯವ್ಯ ಭಾಗದಲ್ಲಿ ನೆಲೆ ನಿಂತ ಗ್ರೀಕರ ಪೈಕಿಯವನು. ರಾಜಧಾನಿ ಸಾಗಲ, ಇಂದಿನ ಪಾಕಿಸ್ತಾನದ ಸಿಯಾಲ್‌ಕೋಟ್ ಅದೇ ಊರು ಎನ್ನುತ್ತಾರೆ ವಿದ್ವಾಂಸರು. ಅವನ ನಾಣ್ಯಗಳಲ್ಲಿ ಒಂದು ಮುಖಕ್ಕೆ ಗ್ರೀಕ್ ಅಕ್ಷರ, ಇನ್ನೊಂದಕ್ಕೆ ಖರೋಷ್ಠಿ. ಕೆಲವು ನಾಣ್ಯಗಳ ಮೇಲೆ ಎಂಟು ಅರಗಳ ಚಕ್ರವಿದೆ.

ವಾದದಲ್ಲಿ ಅವನನ್ನು ಹಿಡಿಯುವವರೇ ಇರಲಿಲ್ಲ ಎನ್ನುತ್ತದೆ ಮಿಲಿಂದಪಞ್ಹ ಗ್ರಂಥ. ಆಯುಪಾಲರೆಂಬ ಭಿಕ್ಷು ಕೂಡ ಉತ್ತರ ಕಾಣದೆ ಸುಮ್ಮನಾದರು. ಆಮೇಲೆ ಸಿಕ್ಕವರು ನಾಗಸೇನರು. ನಾಗಸೇನ ಎನ್ನುವುದು ಬರೀ ಹೆಸರು, ಒಳಗೆ ಅಂಥ ಆತ್ಮ ಯಾವುದೂ ಇಲ್ಲ ಎಂದುಬಿಟ್ಟರು. ದೊರೆ ಒಪ್ಪಲಿಲ್ಲ. ಅವನು ಏರಿ ಬಂದ ರಥವನ್ನೇ ತೋರಿಸಿ ಅವರು ಕೇಳಿದರು: ಗಾಲಿ ರಥವೇ? ಅಚ್ಚು ರಥವೇ? ನೊಗ ರಥವೇ? ಯಾವುದೂ ಅಲ್ಲ, ಎಲ್ಲ ಸೇರಿದಾಗ ರಥ ಎಂಬ ಹೆಸರು. ಎತ್ತಿನ ಗಾಡಿ ಬಿಚ್ಚಿ ರಿಪೇರಿ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾದರೆ ಜಾತಿ ಮನುಷ್ಯನ ಯಾವ ಭಾಗಕ್ಕೆ ಅಂಟಿಕೊಂಡಿದೆ? ಇದು ಮಿಲಿಂದ ಕೇಳಿದ್ದಲ್ಲ, ನಾವು ಕೇಳಿಕೊಳ್ಳಬೇಕಾದದ್ದು.

ಈ ರಥದ ಮಾತು ಎಲ್ಲರಿಗೂ ಗೊತ್ತು. ಅದರ ನಂತರದ್ದು ನನಗೆ ಇನ್ನೂ ದೊಡ್ಡದು. ಚರ್ಚೆ ಮುಂದುವರಿಸಲು ನಾಗಸೇನರು ಒಂದು ಷರತ್ತು ಇಟ್ಟರು. ಪಂಡಿತನಾಗಿ ವಾದಿಸುವುದಾದರೆ ಸರಿ, ರಾಜನಾಗಿ ಆದರೆ ಆಗದು. ಪಂಡಿತರು ತಪ್ಪು ತೋರಿಸಿದರೆ ಒಪ್ಪುತ್ತಾರೆ, ಸಿಟ್ಟಾಗುವುದಿಲ್ಲ. ರಾಜರು ಎದುರು ಮಾತಾಡಿದವನಿಗೆ ಶಿಕ್ಷೆ ಕೊಡುತ್ತಾರೆ. ಮಿಲಿಂದ ಒಪ್ಪಿದ. ವಿಹಾರದ ಕೆಲಸದವನ ಜೊತೆ ಮಾತಾಡುವಂತೆ ತನ್ನ ಜೊತೆಯೂ ಅಂಜದೆ ಮಾತಾಡಿ ಎಂದ. ಊರ ಯಜಮಾನರ ಮುಂದೆ ತಲೆ ಎತ್ತಿ ಮಾತಾಡಿದ್ದಕ್ಕೇ ಏಟು ತಿಂದ ಹಿರಿಯರ ಮಕ್ಕಳು ನಾವು. ಅಧಿಕಾರವಿದ್ದವನು ಅದನ್ನು ಬದಿಗಿಟ್ಟು ಕೂರುವುದು ಎಷ್ಟು ಅಪರೂಪ ಅಂತ ನಮಗೆ ಗೊತ್ತು.

ಕೊನೆಗೆ ಅವನು ಮಗನಿಗೆ ರಾಜ್ಯ ಬಿಟ್ಟು ಭಿಕ್ಷುವಾದ ಎನ್ನುತ್ತದೆ ಪಾಳಿ ಗ್ರಂಥ. ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದದ್ದು ಬೇರೆ: ಅವನು ದಂಡಿನ ಬಿಡಾರದಲ್ಲಿ ಸತ್ತ, ಅವನ ಚಿತಾಭಸ್ಮಕ್ಕಾಗಿ ಊರೂರುಗಳು ಪೈಪೋಟಿ ಮಾಡಿ, ಕೊನೆಗೆ ಹಂಚಿಕೊಂಡು ಸ್ಮಾರಕ ಕಟ್ಟಿದವು. ನನಗೆ ಇದೇ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಭಗವಾನ್ ಬುದ್ಧರ ಅಸ್ಥಿಯನ್ನೂ ಹೀಗೇ ಹಂಚಿಕೊಂಡಿದ್ದರಲ್ಲವೇ?

1950ರಲ್ಲಿ ಬಾಬಾಸಾಹೇಬರು ಔರಂಗಾಬಾದಿನಲ್ಲಿ ಕಾಲೇಜು ತೆರೆದರು. ಆಗ ನಮ್ಮ ಬೀದರ್, ಕಲಬುರಗಿ, ರಾಯಚೂರು ಕೂಡ ಔರಂಗಾಬಾದಿನಂತೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆ ಕಾಲೇಜು ಇಂದಿಗೂ ಮಿಲಿಂದ ಮಹಾವಿದ್ಯಾಲಯ. ಅದರ ಆವರಣದ ಹೆಸರು ನಾಗಸೇನವನ.