ಭಂಡಾರಿ ಬಸವಣ್ಣನವರ ಲೆಕ್ಕಶುದ್ಧಿ

ರಾಜದ್ರವ್ಯವನ್ನು ಕಾಯುವವನ ಕೈ ಆ ದ್ರವ್ಯದ ಕಡೆಗೇ ಚಾಚುವುದು ಲೋಕದಲ್ಲಿ ಹೊಸತಲ್ಲ. ಅಧಿಕಾರಿಗಳು ಬೊಕ್ಕಸವನ್ನು ಅಪಹರಿಸುವ 40 ಬಗೆಗಳನ್ನು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಎಣಿಸಿದ್ದಾನೆ. ಇಂತಹ ಪದವಿಯಲ್ಲಿದ್ದೂ ಅಂಟಿಕೊಳ್ಳದೆ ಬಾಳಿದವರು ಶ್ರೀ ಬಸವೇಶ್ವರರು. ಭಕ್ತಿಭಂಡಾರಿಗಳೆಂದು ಕೀರ್ತಿತರಾದ ಆ ಮಹಾತ್ಮರು ಅರಸನ ಹೊನ್ನಿನ ಭಂಡಾರಿಗಳೂ ಆಗಿದ್ದರು.

ಬಾಗೇವಾಡಿಯ ಮಾದರಸ ಮಾದಲಾಂಬಿಕೆಯರ ಪುತ್ರರಾಗಿ 12ನೆಯ ಶತಮಾನದಲ್ಲಿ ಜನಿಸಿದ ಬಸವಣ್ಣನವರು ಬಾಲ್ಯದಲ್ಲಿಯೇ ಕರ್ಮಕಾಂಡವನ್ನು ತೊರೆದು, ಕೂಡಲಸಂಗಮದಲ್ಲಿ ವಿದ್ಯೆಯನ್ನೂ ಶಿವಜ್ಞಾನವನ್ನೂ ಸಂಪಾದಿಸಿದರು. ಮುಂದೆ ಕಳಚುರಿ ಬಿಜ್ಜಳನು ಆಳುತ್ತಿದ್ದ ಮಂಗಳವಾಡಕ್ಕೆ ಬಂದರು. ಅಲ್ಲಿ ಸಿದ್ಧದಂಡಾಧೀಶನ ಕರಣಶಾಲೆಯಲ್ಲಿ ಗಣಕರ ಲೆಕ್ಕದ ತಪ್ಪನ್ನು ತಿದ್ದಿ ಕರಣಿಕ ವೃತ್ತಿಯನ್ನು ಪಡೆದರೆಂದು ಹರಿಹರನ ರಗಳೆಯು ಹೇಳುತ್ತದೆ. 1369ರ ಭೀಮಕವಿಯ ಬಸವಪುರಾಣದಂತೆ, ಬಂಧುವಾದ ಮಂತ್ರಿ ಬಲದೇವನ ತರುವಾಯ ಆ ಸ್ಥಾನವು ಇವರಿಗೆ ದೊರೆಯಿತು. ಪದವಿಯು ಗಣಿತದಿಂದ ಬಂದಿರಲಿ, ನೆಂಟಸ್ತಿಕೆಯಿಂದ ಬಂದಿರಲಿ, ಅದನ್ನು ಉಳಿಸಿಕೊಂಡುದು ಮಾತ್ರ ಲೆಕ್ಕದ ಶುದ್ಧಿಯಿಂದಲೇ.

ಬಿಜ್ಜಳನು 1162ರ ಹೊತ್ತಿಗೆ ಚಾಲುಕ್ಯರ ಸಾಮ್ರಾಜ್ಯಪದವಿಯನ್ನು ತನ್ನದಾಗಿಸಿಕೊಂಡನು. ಆತನ ಭಂಡಾರದ ಬೀಗದ ಕೈಯನ್ನು ಹಿಡಿದಿದ್ದವರ ಮನೆಯೇ ಕಲ್ಯಾಣದ ಮಹಾಮನೆ. ಅಲ್ಲಿಗೆ ಬರುತ್ತಿದ್ದ ಜಂಗಮರು ಅಗಣಿತರು. ಅಕ್ಕಿ, ತುಪ್ಪ, ವಸ್ತ್ರಗಳ ವೆಚ್ಚವೂ ಅಷ್ಟೇ ದೊಡ್ಡದು. ಒಂದೇ ಕೈಯಲ್ಲಿ ಅರಸನ ಬೊಕ್ಕಸ, ಇನ್ನೊಂದು ಕೈಯಲ್ಲಿ ಶರಣರ ದಾಸೋಹ. ಸಂದೇಹಕ್ಕೆ ಇದಕ್ಕಿಂತ ಹೆಚ್ಚಿನ ಎಡೆ ಬೇಕೆ? ಕೊಂಡಿ ಮಂಚಣ್ಣ ಮೊದಲಾದ ದ್ವೇಷಿಗಳು ಇದನ್ನೇ ಹಿಡಿದು, ಮಂತ್ರಿಯು ರಾಜಧನವನ್ನು ತನ್ನ ಭಕ್ತರಿಗೆ ಸುರಿಯುತ್ತಿದ್ದಾನೆಂದು ಅರಸನ ಕಿವಿಯಲ್ಲಿ ಊದಿದರು.

ಆಗ ಬಸವಣ್ಣನವರು ತಮ್ಮ ಭಕ್ತಿಯನ್ನು ಸಾಕ್ಷಿಗೆ ಕರೆಯಲಿಲ್ಲ. ಹಿಂದಿನ ಸೇವೆಯನ್ನು ನೆನಪಿಸಲಿಲ್ಲ. ದೂರಿದವರ ಮೇಲೆ ಮುನಿಯಲೂ ಇಲ್ಲ. ಭಂಡಾರವನ್ನು ತೆರೆಯಿಸಿ ಎಣಿಸಿಕೊಳ್ಳುವಂತೆ ಅರಸನಿಗೇ ಬಿನ್ನವಿಸಿದರು. ಎಣಿಸಿ ನೋಡಲಾಗಿ ಒಂದು ಹೊನ್ನೂ ಕಡಮೆಯಾಗಿರಲಿಲ್ಲವೆಂದು ಪುರಾಣಗಳು ವರ್ಣಿಸುತ್ತವೆ. ಪುರಾಣಕಾರರು ಇದನ್ನು ಶಿವನ ಪವಾಡವಾಗಿ ಕಂಡರು. ವಿಚಾರಿಸಿ ನೋಡುವವರಿಗಾದರೋ ಪವಾಡವು ಎಣಿಕೆಗಿಂತ ಮೊದಲೇ ನಡೆದಿದೆ: ದಾಸೋಹವು ಕಾಯಕದ ಫಲದಿಂದ ನಡೆಯಬೇಕೇ ಹೊರತು ಪರಧನದಿಂದಲ್ಲವೆಂಬ ನೇಮವನ್ನು ದಿನದಿನವೂ ಪಾಲಿಸಿದುದೇ ಆ ಪವಾಡ. ಉದ್ದೇಶವು ಪವಿತ್ರವಾದ ಮಾತ್ರಕ್ಕೆ ಪರರ ಹೊನ್ನು ತನ್ನದಾಗದು.

1167ರ ಸುಮಾರಿಗೆ ಕಲ್ಯಾಣವು ಕ್ಷೋಭೆಗೊಂಡಿತು. ಬಸವಣ್ಣನವರು ಅಧಿಕಾರವನ್ನು ತೊರೆದು ಕೂಡಲಸಂಗಮದಲ್ಲಿ ಲಿಂಗೈಕ್ಯರಾದರು. ಅವರೊಡನೆ ಹೋದ ರಾಜದ್ರವ್ಯವೇನೂ ಇಲ್ಲ.

ಈಗ ಅರಸನ ಸ್ಥಾನದಲ್ಲಿ ಪ್ರಜೆಗಳಿದ್ದಾರೆ. ಸರ್ಕಾರದ ಖರೀದಿಗೆ ಬಹಿರಂಗ ಟೆಂಡರಿನ ಮಾರ್ಗವನ್ನು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವು ವಿಧಿಸಿದೆ. ಆದರೂ ಕಾರ್ಖಾನೆಗಳು ಬೆಳೆದ ಅತ್ತಿಬೆಲೆಯಂತಹ ಗಡಿಯೂರಿನಲ್ಲಾಗಲಿ ರಾಜಧಾನಿಯಲ್ಲಾಗಲಿ, ಊರಿನ ನೀರಿನ ಕೊಳವೆಗಳನ್ನು ಕೊಳ್ಳುವ ನೌಕರನ ಭಾವಮೈದುನನೇ ಕೊಳವೆಯ ವ್ಯಾಪಾರಿಯಾಗಿದ್ದರೆ, ಕಾಯಿದೆಯ ಅಕ್ಷರಕ್ಕಿಂತ ಮೊದಲು ಅಂತರಂಗವು ಎಚ್ಚರಗೊಳ್ಳಬೇಕು. ಸಂಬಂಧವನ್ನು ಮುಂಚಿತವಾಗಿ ತಿಳಿಸಿ ಆ ಖರೀದಿಯಿಂದ ದೂರ ಸರಿಯುವುದು, ಕೇಳಿದವರ ಮುಂದೆ ಲೆಕ್ಕವನ್ನು ತೆರೆದಿಡುವುದು, ಇವೆರಡೂ ಭಂಡಾರಿ ಬಸವಣ್ಣನವರ ಮಾರ್ಗಕ್ಕೆ ಸಲ್ಲುವ ನಡೆಗಳು. ದೂರು ಬಂದಾಗ ಕೋಪಿಸದೆ ಬೀಗದ ಕೈಯನ್ನು ಮುಂದೆ ಚಾಚುವ ಧೈರ್ಯವು ಸಾರ್ವಜನಿಕ ಸೇವೆಯಲ್ಲಿರುವ ಸರ್ವರಿಗೂ ಗುರುಬಸವನ ಕೃಪೆಯಿಂದ ಉಂಟಾಗಲಿ.