ದಾನವೀರ ಶೇಠ್ ಮಾಣಿಕಚಂದ್ ಝವೇರಿ

ವರ್ತಕನ ಅಂಗಡಿಯ ಹೆಸರಿನೊಡನೆ ಅವನ ಸಮಾಜದ ಮಾನವೂ ಕೂಡಿರುತ್ತದೆ. ಈ ಮಾತನ್ನು ಬಾಳಿ ತೋರಿಸಿದ ಶ್ರಾವಕೋತ್ತಮರಲ್ಲಿ ಮುಂಬಯಿಯ ದಾನವೀರ ಶೇಠ್ ಮಾಣಿಕಚಂದ್ ಹೀರಾಚಂದ್ ಝವೇರಿಯವರು ಅಗ್ರಗಣ್ಯರು.

1851ರಲ್ಲಿ ಸೂರತ್ತಿನಲ್ಲಿ ಜನಿಸಿದ ಅವರು ಎಳೆವಯಸ್ಸಿನಲ್ಲಿಯೇ ಮುಂಬಯಿಯನ್ನು ಸೇರಿ, ಮುತ್ತಿನ ಕೆಲಸ ಕಲಿತು, ಸೋದರರೊಡಗೂಡಿ ಸ್ವಂತ ವ್ಯಾಪಾರವನ್ನು ಆರಂಭಿಸಿದರು. ಮುತ್ತಿನ ವ್ಯಾಪಾರವು ನಂಬಿಕೆಯ ವ್ಯಾಪಾರ. ಮುತ್ತಿನ ಹೊಳಪನ್ನೂ ದುಂಡನ್ನೂ ಅಳೆಯುವುದು ವರ್ತಕನ ಕಣ್ಣು. ಗಿರಾಕಿಯು ಹಣ ಕೊಡುವುದು ಆ ಕಣ್ಣಿನ ಪ್ರಾಮಾಣಿಕತೆಯನ್ನು ನಂಬಿ. ಆ ನಂಬಿಕೆಯ ಬಲದಿಂದಲೇ ಅವರ ವ್ಯವಹಾರವು ಯುರೋಪಿನವರೆಗೆ ಹಬ್ಬಿತು.

1883ರ ಸುಮಾರಿಗೆ ಅವರು ಸಂಘಸಮೇತರಾಗಿ ಮೂಡುಬಿದಿರೆಗೆ ಯಾತ್ರೆ ಬಂದರು. ಸಿದ್ಧಾಂತ ಬಸದಿಯಲ್ಲಿ ರತ್ನಪ್ರತಿಮೆಗಳ ದರ್ಶನವಾಯಿತು. ಜೊತೆಯಲ್ಲಿಯೇ ಧವಲಾದಿ ಸಿದ್ಧಾಂತಗ್ರಂಥಗಳ ತಾಳೆಯೋಲೆಗಳ ದರ್ಶನವೂ ಆಯಿತು. ರತ್ನಗಳ ಬೆಲೆಯನ್ನು ಬಲ್ಲ ಆ ಝವೇರಿಯ ಮನಸ್ಸು ನೆಟ್ಟದ್ದು ಜೀರ್ಣವಾಗುತ್ತಿದ್ದ ಓಲೆಗಳ ಮೇಲೆ. ಹಳಗನ್ನಡ ಲಿಪಿಯ ಆ ಬರಹವನ್ನು ಓದಬಲ್ಲವರು ವಿರಳರಾಗಿದ್ದರು. ಓಲೆ ಪುಡಿಯಾದರೆ ಶ್ರುತವೇ ಲುಪ್ತವಾಗುವುದೆಂಬ ಕಳವಳದಿಂದ ಸೊಲ್ಲಾಪುರದ ಶೇಠ್ ಹೀರಾಚಂದ್ ನೇಮಚಂದರಿಗೆ ವಿಷಯ ತಿಳಿಸಿದರು. ಧನಸಂಗ್ರಹವಾಯಿತು; ಪ್ರತಿಲಿಪಿಯ ಕಾರ್ಯವು ಆರಂಭವಾಗಿ 1922ರವರೆಗೆ ಸಾಗಿತು. ಅದರ ಪೂರ್ಣತೆಯನ್ನು ಕಾಣುವ ಯೋಗ ಶೇಠರಿಗಿರಲಿಲ್ಲ. 1914ರಲ್ಲಿ ಅವರು ಸ್ವರ್ಗಸ್ಥರಾದರು. ಧವಲಾ ಟೀಕೆಯು 1939ರಿಂದ ಮೊದಲ್ಗೊಂಡು 16 ಸಂಪುಟಗಳಲ್ಲಿ ಅಚ್ಚಾಯಿತು.

ವಿದ್ಯೆಗಾಗಿ ಪಟ್ಟಣಕ್ಕೆ ಬಂದ ಜೈನ ಬಾಲಕರಿಗೆ ಆಚಾರಕ್ಕೊಪ್ಪುವ ಊಟ-ವಸತಿ ದೊರೆಯದಿದ್ದ ಆ ಕಾಲದಲ್ಲಿ, ಅವರು ತಂದೆಯವರ ಹೆಸರಿನಲ್ಲಿ ಮುಂಬಯಿಯಲ್ಲಿ ವಿದ್ಯಾರ್ಥಿನಿಲಯವನ್ನು ತೆರೆದರು. ಯಾತ್ರಿಕರಿಗಾಗಿ ಹೀರಾಬಾಗ್ ಧರ್ಮಶಾಲೆಯನ್ನು ಕಟ್ಟಿಸಿದರು. ಕಿರಿವಯಸ್ಸಿನಲ್ಲಿಯೇ ವಿಧವೆಯಾದ ಮಗಳು ಮಗನ್‌ಬಾಯಿಯವರನ್ನು ಮನೆಯ ಮೂಲೆಯಲ್ಲಿ ಕೂರಿಸದೆ ಓದಿಸಿದರು. ಆಕೆ ಮುಂದೆ ಶ್ರಾವಿಕಾಶ್ರಮದ ಮೂಲಕ ಅನೇಕ ಸ್ತ್ರೀಯರಿಗೆ ದಾರಿದೀಪವಾದರು. ಶೇಠರ ಸ್ಮರಣೆಗಾಗಿ ಆರಂಭವಾದ ಮಾಣಿಕಚಂದ್ರ ದಿಗಂಬರ ಜೈನ ಗ್ರಂಥಮಾಲೆಯು ಅನೇಕ ಪ್ರಾಚೀನ ಗ್ರಂಥಗಳನ್ನು ಬೆಳಕಿಗೆ ತಂದಿತು.

ಕೃಷಿ ಮುತ್ತುಗಳು ಮಾರುಕಟ್ಟೆಗೆ ಬಂದ ಮೇಲೆ ಸಹಜ ಮುತ್ತಿನ ವ್ಯಾಪಾರವು ಕುಸಿಯಿತು. ಅಂದಿನ ವೈಭವದ ಅಂಗಡಿಗಳು ಕಾಲಗರ್ಭವನ್ನು ಸೇರಿದವು. ಆದರೆ ಆ ಅಂಗಡಿಯ ಗಳಿಕೆಯಿಂದ ನಡೆದ ಸತ್ಕಾರ್ಯಗಳು ಉಳಿದಿವೆ.

ಇಂದು ನಮ್ಮ ಪೇಟೆಗಳಲ್ಲಿ ಅಜ್ಜಂದಿರ ಅಂಗಡಿಗಳು ಒಂದೊಂದಾಗಿ ಬಾಗಿಲು ಮುಚ್ಚುತ್ತಿವೆ. ಮಕ್ಕಳು ಉದ್ಯೋಗವನ್ನರಸಿ ದೂರದೂರುಗಳಿಗೆ ತೆರಳುತ್ತಿದ್ದಾರೆ. ಇದಕ್ಕಾಗಿ ಅವರನ್ನು ದೂರುವುದು ಸಲ್ಲದು. ಮಾಣಿಕಚಂದರೂ ಹುಟ್ಟೂರನ್ನು ಬಿಟ್ಟೇ ಬೆಳೆದವರು. ಹಿಂದೆ ಅಂಗಡಿಯ ಲೆಕ್ಕದಲ್ಲಿ ಧರ್ಮಕ್ಕೊಂದು ಪಾಲು ಬರೆದಿಡುವ ಪದ್ಧತಿಯಿತ್ತು. ಅಂಗಡಿ ಹೋದರೂ ಆ ಪಾಲು ಹೋಗಬಾರದು. ಸಂಬಳದಿಂದಲೂ ಅದನ್ನು ತೆಗೆದಿಡಬಹುದು. ಬಸದಿಯ ಪ್ರತಿಷ್ಠೆಯ ಈ ಶುಭಸಮಯದಲ್ಲಿ ಧರ್ಮಬಂಧುಗಳು ಆ ಪುಣ್ಯಪುರುಷರನ್ನು ಸ್ಮರಿಸಿ, ತಮ್ಮ ಊರಿನ ಓಲೆಗಳ ಕಟ್ಟನ್ನೊಮ್ಮೆ ಬಿಚ್ಚಿ ನೋಡಲಿ.